ಮೋಟಾರು ಕಾರಿನ ಶೀತಕವೂ ಮನೆಯಂಗಳದ ಡಬ್ಬಿಯೂ : ಒಂದು ಚಾರಿತ್ರಿಕ ವಿವೇಚನೆ

1

ಮೋಟಾರು ಕಾರಿನ ಹವಾನಿಯಂತ್ರಣ ಯಂತ್ರದಲ್ಲಿ ಕಡಮೆಯಾದ ಶೀತಕ ದ್ರವ್ಯವನ್ನು ಕಾರಿನ ಒಡೆಯನೇ ಅಂಗಡಿಯಿಂದ ಸಣ್ಣ ಡಬ್ಬಿಯಲ್ಲಿ ಕೊಂಡುತಂದು, ತನ್ನ ಮನೆಯಂಗಳದಲ್ಲಿ ತಾನೇ ತುಂಬಿಕೊಳ್ಳುವ ರೂಢಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ಮೇಲುನೋಟಕ್ಕೆ ಇದು ಚರಿತ್ರೆಯ ಅಭ್ಯಾಸಕ್ಕೆ ತಕ್ಕ ವಿಷಯವೆಂದು ತೋರಲಾರದು. ಚಕ್ರಕ್ಕೆ ಗಾಳಿ ತುಂಬುವುದು, ಎಂಜಿನ್ನಿಗೆ ಎಣ್ಣೆ ಹಾಕುವುದು ಹೇಗೋ ಇದೂ ಹಾಗೆಯೇ ಒಂದು ಗೃಹಕೃತ್ಯವೆನ್ನಿಸುತ್ತದೆ. ಆದರೆ ಚಕ್ರಕ್ಕೆ ಗಾಳಿ ತುಂಬುವವನನ್ನು ಯಾವ ಶಾಸನವೂ ವಿಚಾರಿಸುವುದಿಲ್ಲ. ಈ ಡಬ್ಬಿಯ ವಿಷಯದಲ್ಲಾದರೋ ಅಮೆರಿಕದ ಕಾಂಗ್ರೆಸ್ಸು 1990ರಲ್ಲಿ ಶಾಸನವನ್ನೇ ಮಾಡಿತು. ಕ್ಯಾಲಿಫೋರ್ನಿಯ ಸಂಸ್ಥಾನ ತನ್ನದೇ ಆದ ನಿಯಮಗಳನ್ನು ರಚಿಸಿತು. ಯೂರೋಪಿನ ಒಕ್ಕೂಟ ಇಂತಹ ಡಬ್ಬಿಗಳ ಮಾರಾಟಕ್ಕೇ ತಡೆಯೊಡ್ಡಿತು. ಮಾಂಟ್ರಿಯಲ್ ಮತ್ತು ಕಿಗಾಲಿಗಳಲ್ಲಿ ಜಗತ್ತಿನ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಗಳ ಪರಿಣಾಮವೂ ಇದರ ಮೇಲಾಗಿದೆ.

ಇಷ್ಟು ಅಲ್ಪವಾದ ಗೃಹಕೃತ್ಯವೊಂದು ಇಷ್ಟು ದೊಡ್ಡ ಸಾರ್ವಜನಿಕ ಪ್ರಶ್ನೆಯಾದುದು ಹೇಗೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಎರಡು ಕಾರಣಗಳನ್ನು ಇಲ್ಲಿ ಪ್ರತಿಪಾದಿಸಲಾಗಿದೆ. ಒಂದು, ಕಾರಿನ ಶೈತ್ಯಯಂತ್ರದ ರಚನೆಯಲ್ಲಿಯೇ ಸೋರಿಕೆ ಅಂತರ್ಗತವಾಗಿರುವುದು. ಎರಡು, ಶೀತಕಗಳ ವಿಷಯದಲ್ಲಿ 'ನಿರಪಾಯ' ಎಂಬ ಮಾತಿನ ಅರ್ಥ ಒಂದು ಶತಮಾನದೊಳಗೆ ಎರಡು ಸಲ ಬದಲಾದುದು.

2

ದ್ರವವೊಂದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಬೆವರು ಆರುವಾಗ ಮೈ ತಣ್ಣಗಾಗುವುದೂ ಮಣ್ಣಿನ ಹೂಜಿಯ ನೀರು ತಂಪಾಗುವುದೂ ಈ ತತ್ತ್ವದಿಂದಲೇ. ಆದ ಆವಿಯನ್ನು ಮತ್ತೆ ಒತ್ತಿ, ಶಾಖವನ್ನು ಹೊರಕ್ಕೆ ಬಿಡಿಸಿ, ಪುನಃ ದ್ರವವನ್ನಾಗಿ ಮಾಡಿದರೆ ಅದೇ ದ್ರವ್ಯವನ್ನು ಮೇಲಿಂದ ಮೇಲೆ ಬಳಸಬಹುದು. ಈ ಚಕ್ರಕ್ರಿಯೆಯಿಂದ ನಡೆಯುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದನು. ಅನಂತರದ ಸುಮಾರು ನೂರು ವರ್ಷಗಳ ಕಾಲ ಯಂತ್ರದ ತತ್ತ್ವ ಸ್ಥಿರವಾಗಿ ನಿಂತಿತು. ಅದರೊಳಗೆ ಹರಿಯಬೇಕಾದ ದ್ರವ್ಯ ಯಾವುದೆಂಬುದು ಮಾತ್ರ ತೀರ್ಮಾನವಾಗಲಿಲ್ಲ. ಈಥರು ಉರಿಯುವಂಥದು. ಅಮೋನಿಯ ಉಸಿರು ಕಟ್ಟಿಸುವಂಥದು. ಗಂಧಕದ ಡೈಆಕ್ಸೈಡು ಕಣ್ಣು ಗಂಟಲುಗಳನ್ನು ಸುಡುವಂಥದು. ಮೀಥೈಲ್ ಕ್ಲೋರೈಡಂತೂ ವಾಸನೆಯಿಂದ ಸರಿಯಾದ ಎಚ್ಚರಿಕೆಯನ್ನೂ ಕೊಡದೆ ಕೊಲ್ಲಬಲ್ಲುದು. ಕಾರ್ಖಾನೆಗಳಲ್ಲಿಯೂ ಹಡಗುಗಳಲ್ಲಿಯೂ ನುರಿತ ಕೆಲಸಗಾರರ ಕಾವಲಿನಲ್ಲಿ ಇವು ನಡೆಯುತ್ತಿದ್ದುವು. ಶೈತ್ಯಯಂತ್ರ ಅಡಿಗೆಮನೆಯನ್ನು ಹೊಕ್ಕಾಗ ಇವುಗಳ ದೋಷ ಬಯಲಾಯಿತು. 1920ರ ದಶಕದಲ್ಲಿ ಬರ್ಲಿನ್ನಿನ ಕುಟುಂಬವೊಂದು ಶೀತಕದ ಸೋರಿಕೆಯಿಂದ ಸತ್ತ ಸುದ್ದಿಯನ್ನು ಓದಿ ಮರುಗಿದ ಐನ್‌ಸ್ಟೈನರು, ಲಿಯೋ ಸಿಲಾರ್ಡರೊಡನೆ ಸೇರಿ, ಚಲಿಸುವ ಭಾಗಗಳೇ ಇಲ್ಲದ ಶೈತ್ಯಯಂತ್ರವೊಂದನ್ನು ಯೋಜಿಸಿ 1930ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದರು. ಸೋರುವ ಸಂದುಗಳನ್ನೇ ಇಲ್ಲದಂತೆ ಮಾಡುವುದು ಅವರು ಹಿಡಿದ ದಾರಿ.

ಇನ್ನೊಂದು ದಾರಿ ಸೋರಿದರೂ ಕೊಲ್ಲದಂತಹ ದ್ರವ್ಯವನ್ನು ಹುಡುಕುವುದು. ಫ್ರಿಜಿಡೇರ್ ಶೈತ್ಯಯಂತ್ರಗಳ ಒಡೆತನವಿದ್ದ ಜನರಲ್ ಮೋಟಾರ್ಸ್ ಸಂಸ್ಥೆಗಾಗಿ ತಾಮಸ್ ಮಿಡ್‌ಗ್ಲಿ ಮತ್ತು ಅವನ ಸಹೋದ್ಯೋಗಿಗಳು 1928ರಲ್ಲಿ ಈ ಶೋಧವನ್ನು ಕೈಗೊಂಡು ಡೈಕ್ಲೋರೋಡೈಫ್ಲೋರೋಮೀಥೇನನ್ನು ಆರಿಸಿದರು. ಇದೇ ಮುಂದೆ 'ಫ್ರಿಯಾನ್-12' ಎಂದೂ 'ಆರ್-12' ಎಂದೂ ಪ್ರಸಿದ್ಧವಾಯಿತು. 1930ರಲ್ಲಿ ಅಮೆರಿಕದ ರಸಾಯನ ವಿಜ್ಞಾನ ಸಂಘದ ಸಭೆಯಲ್ಲಿ ಮಿಡ್‌ಗ್ಲಿ ಈ ಅನಿಲವನ್ನು ಎದೆತುಂಬ ಸೇದಿ, ಉರಿಯುತ್ತಿದ್ದ ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದನು. ಉಸಿರಾಡಿದವನು ಸಾಯಲಿಲ್ಲ, ಅನಿಲ ಹೊತ್ತಿಕೊಳ್ಳಲಿಲ್ಲ. ಸಭಿಕರ ದೃಷ್ಟಿಯಲ್ಲಿ ನಿರಪಾಯವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಪ್ರಮಾಣ ಬೇಕಾಗಿರಲಿಲ್ಲ. ಆ ಕಾಲದ ಅಳತೆಗೋಲು ಒಂದು ಕೋಣೆಯಷ್ಟು ಉದ್ದವಾಗಿತ್ತು ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಕೋಣೆಯೊಳಗಿರುವವರು ಕ್ಷೇಮವೇ ಎಂಬುದೊಂದೇ ಅದು ಕೇಳುತ್ತಿದ್ದ ಪ್ರಶ್ನೆ. ಆ ಪ್ರಶ್ನೆಗೆ ದೊರೆತ ಉತ್ತರ ಸತ್ಯವಾದುದೇ ಆಗಿತ್ತು.

3

ಇಂತಹ ಶೀತಕ ದೊರೆತ ಮೇಲೆ ಶೈತ್ಯಯಂತ್ರ ಕಾರಿನೊಳಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1939ರಲ್ಲಿ ಪ್ಯಾಕರ್ಡ್ ಸಂಸ್ಥೆ ತನ್ನ 1940ರ ಮಾದರಿಗಳಿಗೆ ಹವಾನಿಯಂತ್ರಣವನ್ನು ಪ್ರಕಟಿಸಿತು. ತಂಪು ಮಾಡುವ ಭಾಗ ಸಾಮಾನು ಇಡುವ ಹಿಂಗೂಡಿನ ಬಹುಪಾಲನ್ನು ಆಕ್ರಮಿಸುತ್ತಿತ್ತು. ಯಂತ್ರ ಬೇಡವಾದಾಗ ಎಂಜಿನ್ನನ್ನು ನಿಲ್ಲಿಸಿ, ಮುಂಬದಿಯ ಮುಚ್ಚಳ ತೆರೆದು, ಬೆಲ್ಟನ್ನು ಕಳಚಬೇಕಾಗಿತ್ತು. ಯುದ್ಧಕಾಲದಲ್ಲಿ ಈ ಪ್ರಯತ್ನಗಳು ನಿಂತುಹೋದುವು. 1953ರಲ್ಲಿ ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್ ಸಂಸ್ಥೆಗಳು ಮತ್ತೆ ಇದನ್ನು ಕೈಗೆತ್ತಿಕೊಂಡುವು. 1954ರ ನ್ಯಾಶ್ ಕಾರಿನಲ್ಲಿ ಇಡೀ ಯಂತ್ರವನ್ನು ಕಾರಿನ ಮುಂಭಾಗದಲ್ಲಿಯೇ ಅಡಕವಾಗಿ ಜೋಡಿಸಿದುದರಿಂದ ಬೆಲೆಯೂ ಇಳಿಯಿತು. 1960ರ ದಶಕ ಮುಗಿಯುವ ವೇಳೆಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಹವಾನಿಯಂತ್ರಿತವಾಗಿದ್ದುವು.

ಇಲ್ಲಿ ಒಂದು ಯಾಂತ್ರಿಕ ವಿವರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದಿನ ಚರಿತ್ರೆಯೆಲ್ಲ ಅದರಿಂದಲೇ ಹೊರಟಿದೆ. ಮನೆಯ ಫ್ರಿಜ್ಜಿನಲ್ಲಿ ಮೋಟಾರೂ ಕಂಪ್ರೆಸರೂ ಒಂದೇ ಉಕ್ಕಿನ ಚಿಪ್ಪಿನೊಳಗೆ ಬೆಸುಗೆ ಹಾಕಿ ಮುಚ್ಚಲ್ಪಟ್ಟಿವೆ, ಕೊಳವೆಗಳು ಲೋಹದವು. ಆದಕಾರಣ ಕಾರ್ಖಾನೆಯಲ್ಲಿ ತುಂಬಿದ ಶೀತಕ ಹತ್ತಾರು ವರ್ಷ ಹಾಗೆಯೇ ಉಳಿಯಬಲ್ಲುದು. ಕಾರಿನಲ್ಲಿ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಹಾಗಾಗಿ ಅದರ ದಂಡ ಚಿಪ್ಪಿನಿಂದ ಹೊರಕ್ಕೆ ಬರಲೇಬೇಕು. ತಿರುಗುತ್ತಿರುವ ದಂಡಕ್ಕೂ ನಿಂತಿರುವ ಚಿಪ್ಪಿಗೂ ನಡುವಿನ ಸಂದನ್ನು ಒಂದು ಸೀಲು ಮುಚ್ಚುತ್ತದೆ. ಅದನ್ನು ಕಾಯುವುದು ಎಣ್ಣೆಯ ತೆಳುಪೊರೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಯಂತ್ರ ನಡೆಯದಿದ್ದರೆ ಆ ಪೊರೆ ಒಣಗುತ್ತದೆ. ಎಂಜಿನ್ನು ಸದಾ ಅದುರುವುದರಿಂದ ಕೊಳವೆಗಳಲ್ಲಿ ಕೆಲವಾದರೂ ರಬ್ಬರಿನವಾಗಿರಬೇಕು. ರಬ್ಬರಾದರೋ ಅನಿಲವನ್ನು ಅಣು ಅಣುವಾಗಿ ಹೊರಬಿಡುತ್ತದೆ. ಆದುದರಿಂದ ಕಾರಿನ ಶೈತ್ಯಯಂತ್ರ ಕೆಟ್ಟಾಗ ಮಾತ್ರ ಸೋರುವುದೆಂದು ತಿಳಿಯುವುದು ಸರಿಯಲ್ಲ. ಸರಿಯಾಗಿ ಇರುವಾಗಲೂ ಅದು ಕಿಂಚಿತ್ತಾಗಿ ಸೋರುತ್ತದೆ. ಮತ್ತೆ ಮತ್ತೆ ತುಂಬುವ ಅವಶ್ಯಕತೆ ಹುಟ್ಟಿದುದು ಹೀಗೆ.

ಆ ಅವಶ್ಯಕತೆಗೆ ಮಾರುಕಟ್ಟೆ ಕೊಟ್ಟ ಉತ್ತರ ಸಣ್ಣ ಡಬ್ಬಿ. 12ರಿಂದ 14 ಔನ್ಸು ಆರ್-12 ತುಂಬಿದ ಡಬ್ಬಿಗಳು ಮೋಟಾರು ಸಾಮಾನಿನ ಅಂಗಡಿಗಳಲ್ಲಿ ಎಣ್ಣೆಯ ಡಬ್ಬಿಗಳ ಪಕ್ಕದಲ್ಲಿಯೇ ದೊರೆಯುತ್ತಿದ್ದುವು. ತುಂಬುವ ಕ್ರಮವೂ ಕಠಿನವಾಗಿರಲಿಲ್ಲ. ಡಬ್ಬಿಯ ತಲೆಗೆ ಮುಳ್ಳಿರುವ ಒಂದು ನಲ್ಲಿಯನ್ನು ಬಿಗಿದು ತೂತು ಮಾಡಬೇಕು. ಅಲ್ಲಿಂದ ಹೊರಟ ಕೊಳವೆಯನ್ನು ಕಂಪ್ರೆಸರಿಗೆ ಆವಿ ಹಿಂದಿರುಗುವ, ಎಂದರೆ ಒತ್ತಡ ಕಡಮೆಯಿರುವ, ಬದಿಗೆ ಜೋಡಿಸಬೇಕು. ಎಂಜಿನ್ನನ್ನೂ ಹವಾನಿಯಂತ್ರಣವನ್ನೂ ನಡೆಸುತ್ತ, ಡಬ್ಬಿಯನ್ನು ನೆಟ್ಟಗೆ ಹಿಡಿದು, ಆವಿ ಮಾತ್ರ ಒಳಕ್ಕೆ ಹೋಗುವಂತೆ ನೋಡಿಕೊಳ್ಳಬೇಕು. ಡಬ್ಬಿಯನ್ನು ತಲೆಕೆಳಗು ಮಾಡಿದರೆ ದ್ರವವೇ ಕಂಪ್ರೆಸರಿಗೆ ನುಗ್ಗಿ, ಒತ್ತಲು ಬಾರದ ಆ ದ್ರವದಿಂದ ಅದರ ಕವಾಟಗಳು ಮುರಿಯಬಹುದು. ತಪ್ಪಿ ಹೆಚ್ಚು ಒತ್ತಡದ ಬದಿಗೆ ಜೋಡಿಸಿದರೆ ಯಂತ್ರದ ಒತ್ತಡ ಹಿಮ್ಮುಖವಾಗಿ ಹರಿದು ಡಬ್ಬಿಯೇ ಕೈಯಲ್ಲಿ ಸಿಡಿಯಬಹುದು. ಹಳೆಯ ಯಂತ್ರಗಳಲ್ಲಿ ದ್ರವ ಹರಿಯುವ ದಾರಿಯಲ್ಲಿ ಒಂದು ಸಣ್ಣ ಗಾಜಿನ ಕಿಂಡಿ ಇರುತ್ತಿತ್ತು. ಅದರಲ್ಲಿ ಗುಳ್ಳೆಗಳು ಕಂಡರೆ ಶೀತಕ ಸಾಲದೆಂದೂ ಗುಳ್ಳೆ ನಿಂತರೆ ಸಾಕೆಂದೂ ತಿಳಿಯುತ್ತಿದ್ದರು. 1970ರ ದಶಕದಿಂದ ಬಂದ ಅನೇಕ ಯಂತ್ರಗಳಲ್ಲಿ ಈ ಕಿಂಡಿ ಇಲ್ಲ. ಮನೆಯವನಿಗೆ ಉಳಿದುದು ಒತ್ತಡದ ಮಾಪಕವೊಂದೇ. ಅದು ಯಂತ್ರದಲ್ಲಿರುವ ಶೀತಕದ ತೂಕವನ್ನು ತಿಳಿಸಲಾರದು. ಕಾರ್ಯಾಗಾರದಲ್ಲಾದರೆ ಇದ್ದುದನ್ನೆಲ್ಲ ಹೊರತೆಗೆದು, ಗಾಳಿಯನ್ನೂ ತೇವವನ್ನೂ ಪಂಪಿನಿಂದ ಎಳೆದು, ಗೊತ್ತಾದ ತೂಕವನ್ನು ತುಂಬುವುದು ಶಾಸ್ತ್ರೀಯ ಕ್ರಮ. ಅಂಗಳದಲ್ಲಿ ನಡೆಯುತ್ತಿದ್ದುದು ಅಂದಾಜಿನ ಕೆಲಸ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಕ್ರಮದಲ್ಲಿ ಸೋರುವ ಜಾಗವನ್ನು ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಹೋದಷ್ಟನ್ನು ತುಂಬಿದರೆ ಆಯಿತು. ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳಲು ಕಾರಣವಿರಲಿಲ್ಲ. ಅದು ನಿರಪಾಯವಾದ ಅನಿಲವೆಂಬುದು ಮೇಣದ ಬತ್ತಿಯ ಎದುರಿಗೆ ಸಿದ್ಧವಾಗಿತ್ತು.

4

ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ಕೇಳಿದವರು ವಾಯುಮಂಡಲದ ವಿಜ್ಞಾನಿಗಳು. ಜೇಮ್ಸ್ ಲವ್‌ಲಾಕ್ 1970ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ಸಾಗರದ ಮೇಲಣ ಗಾಳಿಯನ್ನು ಪರೀಕ್ಷಿಸಿ, ಕಾರ್ಖಾನೆಗಳಿಂದ ಬಹುದೂರದಲ್ಲಿಯೂ ಈ ವರ್ಗದ ಅನಿಲ ಹರಡಿರುವುದನ್ನು ಕಂಡನು. ನೆಲದ ಬಳಿ ಯಾವುದರೊಡನೆಯೂ ಕೂಡದ ಇದರ ಜಡತ್ವವೇ ಇದನ್ನು ಬಹುಕಾಲ ಉಳಿಸುತ್ತದೆ. ಆರ್-12ರ ಆಯುಸ್ಸು ಸುಮಾರು ನೂರು ವರ್ಷ. ಮೇರಿಯೋ ಮೊಲೀನ ಮತ್ತು ಷೆರ್‌ವುಡ್ ರೋಲೆಂಡ್ ಇವರು 1974ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಮುಂದಿನ ಹೆಜ್ಜೆಯನ್ನು ತೋರಿಸಿದರು: ಮೇಲಿನ ಸ್ತರವನ್ನು ಮುಟ್ಟಿದ ಈ ಅಣುಗಳು ಅತಿನೇರಳೆ ಕಿರಣಗಳಿಂದ ಒಡೆದು ಕ್ಲೋರೀನನ್ನು ಬಿಡುತ್ತವೆ, ಒಂದೊಂದು ಕ್ಲೋರೀನ್ ಪರಮಾಣುವೂ ತಾನು ನಾಶವಾಗದೆ ಸಾವಿರಾರು ಓಜೋನ್ ಅಣುಗಳನ್ನು ನಾಶಮಾಡುತ್ತದೆ.

ಇದರ ಮರುವರ್ಷ ಪ್ರಕಟವಾದ ಇನ್ನೊಂದು ಸಂಶೋಧನೆ ಕರ್ನಾಟಕದ ವಾಚಕರಿಗೆ ವಿಶೇಷವಾಗಿ ಸ್ಮರಣೀಯ. ಮಧುರೆಯಲ್ಲಿ ಹುಟ್ಟಿದ ವೀರಭದ್ರನ್ ರಾಮನಾಥನ್ ಅವರು ಎಂಜಿನಿಯರಿಂಗ್ ಪದವಿಯ ಅನಂತರ ಸಿಕಂದರಾಬಾದಿನ ಶೈತ್ಯಯಂತ್ರ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಯಂತ್ರಗಳಿಂದ ಶೀತಕ ಸೋರುವುದೇಕೆಂದು ಪರಿಶೀಲಿಸುವುದೇ ಅಲ್ಲಿ ಅವರಿಗೆ ವಹಿಸಿದ್ದ ಕಾರ್ಯ. ಅಲ್ಲಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಉನ್ನತ ವ್ಯಾಸಂಗ ಮಾಡಿ, ಬಳಿಕ ಅಮೆರಿಕಕ್ಕೆ ತೆರಳಿದರು. 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು, ಈ ಅನಿಲಗಳು ಭೂಮಿಯ ಶಾಖ ಹೊರಕ್ಕೆ ಹೋಗದಂತೆ ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಅಣುವಿಗೆ ಅಣು ಎಷ್ಟೋ ಸಾವಿರ ಪಟ್ಟು ಸಮರ್ಥವೆಂದು ತೋರಿಸಿದರು. ಕಾರ್ಖಾನೆಯಲ್ಲಿ ಕೈಗೆ ತಾಗಿದ್ದ ಸೋರಿಕೆಯೇ ವಾಯುಮಂಡಲದಲ್ಲಿಯೂ ಅವರ ಗಮನಕ್ಕೆ ಬಂದಿತು. ಆದರೆ ಆಗ ಲೋಕ ಲಕ್ಷ್ಯವಿಟ್ಟುದು ಓಜೋನಿನ ಕಡೆಗೆ. ರಾಮನಾಥನ್ನರ ಮಾತು ಶಾಸನಗಳ ಭಾಷೆಗೆ ಇಳಿಯಲು ಮುಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.

1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ವಸಂತದಲ್ಲಿ ಓಜೋನ್ ತೀವ್ರವಾಗಿ ಕುಗ್ಗುತ್ತಿರುವುದನ್ನು ವರದಿ ಮಾಡಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿಯಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು. ಅಮೆರಿಕದಲ್ಲಿ ಒಪ್ಪಂದವನ್ನು ಆಚರಣೆಗೆ ತಂದುದು 1990ರ ಶುದ್ಧವಾಯು ಶಾಸನದ ತಿದ್ದುಪಡಿ. ಕಾರಿನ ಶೈತ್ಯಯಂತ್ರಕ್ಕಾಗಿಯೇ ಅದರಲ್ಲಿ ಒಂದು ಪ್ರಕರಣವಿತ್ತು. ಅದರಂತೆ 1992ರ ನವೆಂಬರ್ 15ರಿಂದ 20 ಪೌಂಡಿಗಿಂತ ಸಣ್ಣ ಪಾತ್ರೆಗಳಲ್ಲಿ ಆರ್-12ನ್ನು ಪ್ರಮಾಣಪತ್ರವಿಲ್ಲದವರಿಗೆ ಮಾರುವಂತಿಲ್ಲ. ಅಂಗಳದ ಡಬ್ಬಿ ಅಂಗಡಿಯ ಕಪಾಟಿನಿಂದ ಇಳಿಯಿತು. 1996ರಿಂದ ಆರ್-12ರ ಉತ್ಪಾದನೆಯೂ ಅಲ್ಲಿ ನಿಂತಿತು. ಅಳತೆಗೋಲು ಕೋಣೆಯಿಂದ ಹೊರಬಿದ್ದು ಆಕಾಶವನ್ನು ಮುಟ್ಟಿದುದರ ಮೊದಲ ಫಲವಿದು.

5

ಚರಿತ್ರೆ ಇಲ್ಲಿಗೇ ನಿಂತಿದ್ದರೆ ವಿಷಯ ಸರಳವಾಗಿರುತ್ತಿತ್ತು. ಆದರೆ ಹಳೆಯ ಅನಿಲವನ್ನು ಬೇಡುವ ಕೋಟ್ಯಂತರ ಕಾರುಗಳು ರಸ್ತೆಯ ಮೇಲೆ ಉಳಿದಿದ್ದುವು. ತೆರಿಗೆಯಿಂದಲೂ ಅಭಾವದಿಂದಲೂ ಬೆಲೆ ಏರಿತು. 1990ರ ದಶಕದ ನಡುವೆ ಮಯಾಮಿ ಮೊದಲಾದ ಬಂದರುಗಳ ಮೂಲಕ ಆರ್-12ರ ಕಳ್ಳಸಾಗಣೆ ನಡೆದು ಸುಂಕದ ಅಧಿಕಾರಿಗಳಿಗೆ ದೊಡ್ಡ ತಲೆನೋವಾಯಿತು. ಉರಿಯುವ ಹೈಡ್ರೋಕಾರ್ಬನ್ ಮಿಶ್ರಣಗಳನ್ನು ಆರ್-12ರ ಬದಲಿಗೆ ಬಳಸಬಹುದೆಂದು ಕೆಲವರು ಮಾರಿದರು. ಹಳೆಯ ಕಾರುಗಳಲ್ಲಿ ಆರ್-12ರ ಸ್ಥಾನಕ್ಕೆ ಇವುಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಲಿಲ್ಲ.

ಹೊಸ ಕಾರುಗಳಿಗೆ ಬಂದುದು ಕ್ಲೋರೀನಿಲ್ಲದ ಆರ್-134ಎ. 1990ರ ದಶಕದ ಆರಂಭದಲ್ಲಿ ಕೆಲವೇ ವರ್ಷಗಳೊಳಗೆ ಅಮೆರಿಕದ ಹೊಸ ಕಾರುಗಳೆಲ್ಲ ಇದಕ್ಕೆ ಪರಿವರ್ತಿತವಾದುವು. ಹಳೆಯದೂ ಹೊಸದೂ ಬೆರೆಯದಂತೆ ಜೋಡಣೆಯ ಮೂತಿಗಳನ್ನು ಬೇರೆ ಆಕಾರದಲ್ಲಿ ಮಾಡಿದರು; ಒಳಗಿನ ಎಣ್ಣೆಯೂ ಬೇರೆ. ಓಜೋನಿನ ದೃಷ್ಟಿಯಿಂದ ಈ ಅನಿಲ ನಿರ್ದೋಷಿಯಾದುದರಿಂದ ಸಣ್ಣ ಪಾತ್ರೆಯ ನಿರ್ಬಂಧ ಇದಕ್ಕೆ ತಗುಲಲಿಲ್ಲ. ಹೀಗೆ ಕಪಾಟಿನಿಂದ ಇಳಿದಿದ್ದ ಡಬ್ಬಿ ಹೆಸರು ಬದಲಿಸಿಕೊಂಡು ಮತ್ತೆ ಅದೇ ಕಪಾಟನ್ನೇರಿತು.

ಈ ಘಟ್ಟದಲ್ಲಿ ಶಾಸನದ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ತರಬೇತು ಮತ್ತು ಪ್ರಮಾಣಪತ್ರಗಳ ನಿಯಮ ಪ್ರತಿಫಲ ಪಡೆದು ಕೆಲಸ ಮಾಡುವವರಿಗೆ ಅನ್ವಯಿಸುತ್ತದೆ. ತನ್ನ ಕಾರನ್ನು ತಾನೇ ತುಂಬಿಕೊಳ್ಳುವವನಿಗೆ ಅನ್ವಯಿಸುವುದಿಲ್ಲ. ಆದರೆ ಶೀತಕವನ್ನು ತಿಳಿದೂ ಗಾಳಿಗೆ ಬಿಡುವುದು ಎಲ್ಲರಿಗೂ ಅಪರಾಧ. 1995ರ ನವೆಂಬರಿನಿಂದ ಆರ್-134ಎ ಮುಂತಾದ ಬದಲಿ ಅನಿಲಗಳಿಗೂ ಇದು ಅನ್ವಯಿಸಿತು. ಪರಿಣಾಮವೇನೆಂದರೆ, ಅಂಗಳದಲ್ಲಿ ಕೊಳವೆಯನ್ನು ಬಿಚ್ಚಿ ಅನಿಲವನ್ನು ಒಮ್ಮೆಗೇ ಹೊರಬಿಡುವವನು ಅಪರಾಧಿ. ಸೋರುವ ಯಂತ್ರಕ್ಕೆ ವರ್ಷವರ್ಷವೂ ಒಂದೊಂದು ಡಬ್ಬಿ ತುಂಬಿ, ಅಷ್ಟನ್ನೇ ನಿಧಾನವಾಗಿ ಗಾಳಿಗೆ ಕೊಡುವವನು ನಿರಪರಾಧಿ. ಕೃತ್ಯಕ್ಕೂ ಉಪೇಕ್ಷೆಗೂ ನಡುವೆ ಶಾಸನಗಳು ಮಾಡುವ ಭೇದ ಪುರಾತನವಾದುದು. ವಾಯುಮಂಡಲ ಆ ಭೇದವನ್ನು ಅರಿಯದು.

6

1997ರ ಕ್ಯೋಟೋ ಒಪ್ಪಂದದಲ್ಲಿ ಆರ್-134ಎ ಸೇರಿದ ಅನಿಲವರ್ಗವನ್ನು ಭೂಮಿಯ ತಾಪವನ್ನೇರಿಸುವ ಅನಿಲಗಳ ಪಟ್ಟಿಗೆ ಸೇರಿಸಿದರು. ಇಲ್ಲಿಂದ ಇನ್ನೊಂದು ಅಳತೆಗೋಲು ಬಳಕೆಗೆ ಬಂದಿತು. ಒಂದು ನೂರು ವರ್ಷದ ಅವಧಿಯಲ್ಲಿ ಲೆಕ್ಕ ಹಾಕಿದರೆ ಆರ್-134ಎ ಇಂಗಾಲದ ಡೈಆಕ್ಸೈಡಿನ ಸುಮಾರು 1,430 ಪಟ್ಟು ತಾಪಕಾರಕವೆಂಬುದು ಶಾಸನಗಳು ಬಹುವಾಗಿ ಬಳಸಿದ ಸಂಖ್ಯೆ. 12 ಔನ್ಸಿನ ಡಬ್ಬಿಯೊಂದರಲ್ಲಿರುವುದು ಸುಮಾರು 340 ಗ್ರಾಂ. ಅದಿಷ್ಟೂ ಸೋರಿಹೋದರೆ 480 ಕಿಲೋಗ್ರಾಂಗೂ ಮೀರಿದ ಇಂಗಾಲದ ಡೈಆಕ್ಸೈಡನ್ನು ಬಿಟ್ಟಂತಾಗುತ್ತದೆ. ಕೈಯಲ್ಲಿ ಹಿಡಿಯುವ ಡಬ್ಬಿಯ ನಿಜವಾದ ಭಾರ ಇಷ್ಟೆಂದು ಆಗ ತಿಳಿದಂತಾಯಿತು.

ಈ ಹೊಸ ತಿಳಿವಳಿಕೆಗೆ ಮೂರು ಬಗೆಯ ಉತ್ತರಗಳು ಬಂದುವು. ಯೂರೋಪಿನ ಒಕ್ಕೂಟ 2006ರಲ್ಲಿ ಮಾಡಿದ ನಿಯಮದಿಂದ, ಮತ್ತೆ ತುಂಬಲಾಗದ ಪಾತ್ರೆಗಳಲ್ಲಿ ಇಂತಹ ಅನಿಲಗಳನ್ನು ಮಾರುಕಟ್ಟೆಗೆ ತರುವುದನ್ನು 2007ರಿಂದ ನಿಲ್ಲಿಸಿತು. ಅದೇ ವರ್ಷದ ಇನ್ನೊಂದು ನಿರ್ದೇಶದಂತೆ 2017ರಿಂದ ಹೊಸ ಕಾರುಗಳಲ್ಲೆಲ್ಲ ತಾಪಕಾರಕ ಸಂಖ್ಯೆ 150ನ್ನು ಮೀರದ ಶೀತಕವೇ ಇರಬೇಕಾಯಿತು. ಕ್ಯಾಲಿಫೋರ್ನಿಯದಲ್ಲಿ ಮೊದಲು ಡಬ್ಬಿಯ ಮಾರಾಟವನ್ನೇ ನಿರ್ಬಂಧಿಸುವ ಆಲೋಚನೆಯಿತ್ತು. ಆದರೆ ಕಾರ್ಯಾಗಾರದ ವೆಚ್ಚವನ್ನು ತಾಳಲಾರದ ಬಡವರಿಗೆ ಇದರಿಂದ ಹೊರೆಯಾಗುವುದೆಂಬ ವಾದಕ್ಕೆ ಮನ್ನಣೆ ಸಿಕ್ಕಿತು. 2010ರ ಜನವರಿ 1ರಿಂದ ಜಾರಿಗೆ ಬಂದ ನಿಯಮ ಡಬ್ಬಿಯನ್ನು ಉಳಿಸಿ ಅದನ್ನು ತಿದ್ದಿತು: ತೂತು ಮಾಡಿದ ಮೇಲೆ ಮುಚ್ಚಲಾಗದ ಹಳೆಯ ಡಬ್ಬಿಯ ಬದಲಿಗೆ, ಕೊಳವೆ ತೆಗೆದೊಡನೆ ತಾನೇ ಮುಚ್ಚಿಕೊಳ್ಳುವ ಕವಾಟವಿರಬೇಕು, ಕೊಳ್ಳುವವನು 10 ಡಾಲರು ಠೇವಣಿಯಿಟ್ಟು, ಬಳಸಿದ ಡಬ್ಬಿಯನ್ನು ಹಿಂದಿರುಗಿಸಿ ಅದನ್ನು ಮರಳಿ ಪಡೆಯಬೇಕು, ತಳದಲ್ಲಿ ಉಳಿದ ಅನಿಲವನ್ನು ಸಂಗ್ರಹಿಸಬೇಕು. 2018ರಿಂದ ತಾನೇ ಮುಚ್ಚಿಕೊಳ್ಳುವ ಕವಾಟ ಅಮೆರಿಕದಾದ್ಯಂತ ಕಡ್ಡಾಯವಾಯಿತು. ಮೂರನೆಯದು ಜಗತ್ತಿನೆಲ್ಲೆಡೆಗೆ ಸಲ್ಲುವ ಉತ್ತರ: 2016ರ ಅಕ್ಟೋಬರಿನಲ್ಲಿ ರುವಾಂಡದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಆದ ತಿದ್ದುಪಡಿ. ಭಾರತ ಇದನ್ನು 2021ರಲ್ಲಿ ಅಂಗೀಕರಿಸಿ, 2032ರಿಂದ ತೊಡಗಿ 2047ರ ವೇಳೆಗೆ ಈ ಅನಿಲಗಳ ಬಳಕೆಯನ್ನು ಶೇಕಡ 85ರಷ್ಟು ತಗ್ಗಿಸುವ ಹೊಣೆ ಹೊತ್ತಿದೆ. ನಮ್ಮಲ್ಲಿ ಕಾರಿಗೆ 'ಗ್ಯಾಸು ತುಂಬಿಸುವುದು' ಬಹುಮಟ್ಟಿಗೆ ಗ್ಯಾರೇಜಿನವರ ಕೆಲಸವಾದರೂ, ಸೋರುವ ಜಾಗವನ್ನು ಹುಡುಕದೆ ತುಂಬಿದರೆ ಫಲ ಬೇರೆಯಾಗದು.

ಹೊಸ ಕಾರುಗಳ ಶೀತಕ ಆರ್-1234ವೈಎಫ್ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ. ಅದರ ತಾಪಕಾರಕ ಸಂಖ್ಯೆ ಅತ್ಯಲ್ಪ. ಆದರೆ ಅದು ಸ್ವಲ್ಪಮಟ್ಟಿಗೆ ಉರಿಯುವಂಥದು. 2012ರಲ್ಲಿ ಡೈಮ್ಲರ್ ಸಂಸ್ಥೆ ತನ್ನ ಪರೀಕ್ಷೆಗಳನ್ನು ಮುಂದಿಟ್ಟು ಇದೇ ಕಾರಣದಿಂದ ಆಕ್ಷೇಪಿಸಿತ್ತು. ಮಿಡ್‌ಗ್ಲಿಯ ಮೇಣದ ಬತ್ತಿಯ ಪರೀಕ್ಷೆಯನ್ನು ಸಡಿಲಿಸಿಯೇ ಆಕಾಶದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಯಿತು. ಒಡೆದ ಮೇಲೆ ಅದರಿಂದ ಹುಟ್ಟುವ ಟ್ರೈಫ್ಲೋರೋಅಸಿಟಿಕ್ ಆಮ್ಲ ಮಳೆಯೊಡನೆ ಇಳಿದು ನೀರಿನಲ್ಲಿ ಬಹುಕಾಲ ಉಳಿಯುವುದರಿಂದ, ಮತ್ತೊಂದು ಅಳತೆಗೋಲಿನ ಸೂಚನೆಯೂ ಈಗಲೇ ಕಾಣುತ್ತಿದೆ. ಹಳೆಯ ಅಪಾಯಗಳೂ ಪೂರ್ತಿ ತೊಲಗಿಲ್ಲ. 2011ರಲ್ಲಿ ಆರ್-134ಎ ಎಂದು ಮಾರಿದ ನಕಲಿ ಅನಿಲದಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿದ್ದು, ಅದು ಅಲ್ಯೂಮಿನಿಯಮ್ಮಿನೊಡನೆ ಕೂಡಿ, ಹಡಗಿನಲ್ಲಿ ಸಾಗಿಸುವ ಶೈತ್ಯ ಪೆಟ್ಟಿಗೆಗಳು ಸಿಡಿದು ಕೆಲಸಗಾರರು ಸತ್ತರು.

7

ಈ ಚರಿತ್ರೆಯಿಂದ ಮಿಡ್‌ಗ್ಲಿ ಅಪರಾಧಿಯೆಂದಾಗಲಿ, ಅಂಗಳದಲ್ಲಿ ಡಬ್ಬಿ ಹಿಡಿದ ಗೃಹಸ್ಥ ಅಪರಾಧಿಯೆಂದಾಗಲಿ ತೀರ್ಮಾನಿಸುವುದು ಉಚಿತವಲ್ಲ. ಮಿಡ್‌ಗ್ಲಿ ತನ್ನ ಕಾಲ ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದನು. ಗೃಹಸ್ಥನಾದರೋ ಸೋರುವ ಯಂತ್ರವನ್ನು ಮಾಡಿದವನಲ್ಲ, ಅದನ್ನು ಕೊಂಡವನು. ಯಂತ್ರವನ್ನು ಮಾಡಿದವರು ದಂಡದ ಸೀಲನ್ನೂ ರಬ್ಬರು ಕೊಳವೆಯನ್ನೂ ಉತ್ತಮಪಡಿಸಲು ಶಾಸನದ ಒತ್ತಾಯ ಬರುವವರೆಗೆ ಹೆಚ್ಚು ಅವಸರಪಡಲಿಲ್ಲ. ಅಗ್ಗದ ಡಬ್ಬಿ ಆ ಅವಸರವನ್ನು ತಪ್ಪಿಸಿತ್ತು. ನಿಷೇಧಕ್ಕಿಂತ ಕ್ಯಾಲಿಫೋರ್ನಿಯದ ಮಾರ್ಗ ಹೆಚ್ಚು ವಿವೇಕಯುತವೆಂದು ನಮಗೆ ತೋರುವುದು ಈ ಕಾರಣದಿಂದಲೇ. ಅದು ತನ್ನ ಕಾರನ್ನು ತಾನು ದುರಸ್ತಿ ಮಾಡಿಕೊಳ್ಳುವ ಮನುಷ್ಯನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳದೆ, ಡಬ್ಬಿಯ ರಚನೆಯನ್ನೇ ತಿದ್ದಿ ಹೊಣೆಯನ್ನು ಮಾಡಿದವನಿಗೂ ಮಾರಿದವನಿಗೂ ಕೊಂಡವನಿಗೂ ಹಂಚಿತು. ಆದರೆ ಸೋರುವ ಜಾಗವನ್ನು ಮುಚ್ಚುವ ಹೊಣೆಯನ್ನು ಅದೂ ಯಾರಿಗೂ ವಹಿಸಲಿಲ್ಲವೆಂಬುದು ಅದರ ಮಿತಿ.

ಓಜೋನಿನ ಮಟ್ಟಿಗೆ ಸಾಮೂಹಿಕ ಪ್ರಯತ್ನ ಫಲಿಸಿದೆ. ಅಂಟಾರ್ಕ್ಟಿಕದ ಮೇಲಿನ ಓಜೋನ್ ಸುಮಾರು 2066ರ ವೇಳೆಗೆ 1980ರ ಮಟ್ಟಕ್ಕೆ ಮರಳಬಹುದೆಂದು 2022ರ ಅಂತರರಾಷ್ಟ್ರೀಯ ಪರಾಮರ್ಶೆ ಅಂದಾಜು ಮಾಡಿದೆ. 1970ರ ದಶಕದ ಬೇಸಗೆಗಳಲ್ಲಿ ಅಂಗಳಗಳಿಂದ ಮೇಲೆದ್ದ ಆರ್-12ರಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಈಗಲೂ ಗಾಳಿಯಲ್ಲಿದೆ. ಅದನ್ನು ತುಂಬಿದ ಕಾರುಗಳಲ್ಲಿ ಬಹುಪಾಲು ಎಂದೋ ಗುಜರಿಗೆ ಸೇರಿವೆ.